ಒಂಟಿಕಿವಿ ಸತ್ತ ಪುಟ

ಭುಜ ಕೊಟ್ಟು ಗುದ್ದಿದ ಒಂದೇ ಏಟಿಗೆ ಬಾಗಿಲು ತೆರೆದುಕೊಂಡಿತು. ಒಳಗಿನ ಚಿಲಕವನ್ನು ಯಾರೂ ಹಾಕಿರಲೇ ಇಲ್ಲ. ಮೆಣಸು ಸಾಹೇಬ ತನ್ನ ಮೈಭಾರವನ್ನೆಲ್ಲ ಹೊತ್ತುಕೊಂಡು ಒಳಕ್ಕೆ ನುಗ್ಗಿ, ಬಣ್ಣದ ಖಾಲಿ ಡಬ್ಬಗಳ ಗುಡ್ಡೆಗೆ ಢಿಕ್ಕಿ ಹೊಡೆದು, ಅವುಗಳ ಜೊತೆಯಲ್ಲೇ ನೆಲಕ್ಕುರುಳಿದ.

ಕೈ ಊರಿದಲ್ಲೆಲ್ಲ ಕೆಂಪು. ಬಾಗಿಲ ಸಂದಿಯಿಂದ ಮೆಟ್ಟಿಲಿಗೆ ಹರಿದು, ಕೆಳಗಿನಿಂದ ನೋಡಿದಾಗ ಎದೆ ಧಸಕ್ಕೆನ್ನಿಸಿದ್ದ ಅದೇ ಕೆಂಪು.

ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದ. ಟರ್ಪೆಂಟೈನ್ ವಾಸನೆ ನೆತ್ತಿಗೆ ಹತ್ತಿತು.

"ಬಣ್ಣ," ಅಂದ. "ಬರೀ ಬಣ್ಣ ಕಣಮ್ಮಾ. ರಕ್ತ ಅಲ್ಲ."

ಬಾಗಿಲ ಆಚೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ ಅಕ್ಕನಿಗೆ ಒಳಗೆ ಹೆಜ್ಜೆ ಇಡುವ ಧೈರ್ಯವಿರಲಿಲ್ಲ. ಕಾಣೆಯಾಗಿದ್ದವನು ಅವಳ ಒಬ್ಬನೇ ತಮ್ಮ. ಅವನಿಗೆ ಅನ್ನ ತಿನ್ನಿಸಿ, ಮೂಗು ಒರೆಸಿ, ಕೈಗೆ ಪೆನ್ಸಿಲ್ ಕೊಟ್ಟು ಬೆಳೆಸಿದವಳು ಅವಳೇ.

"ನಾನು ಒಳಗೆ ಬರ್ಲಾ, ಬೇಡ್ವಾ? ಅದೊಂದು ಹೇಳಿ ಸಾಹೇಬ್ರೇ."

ಅವನು ಉತ್ತರ ಕೊಡುವ ಮೊದಲೇ ಮೂಲೆಯ ಮೇಜಿನ ಕೆಳಗಿನಿಂದ ಉತ್ತರ ಬಂತು. ಗೊರಕೆ. ಅಂತಿಂಥ ಗೊರಕೆಯಲ್ಲ, ಗರಗಸದಲ್ಲಿ ಹಸಿ ಮರ ಕೊಯ್ದಂಥದ್ದು.

ಇಷ್ಟೊಂದು ಡಬ್ಬ ಉರುಳಿದರೂ ಏಳದ ಪುಣ್ಯಾತ್ಮ ಯಾರೆಂದು ಮೆಣಸು ಸಾಹೇಬ ಬಗ್ಗಿ ನೋಡಿದ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹಳೇ ಬ್ಯಾನರ್ ಬಟ್ಟೆ ಹೊದ್ದುಕೊಂಡು, ಊರೆಲ್ಲ ಹುಡುಕುತ್ತಿದ್ದ ಚಿತ್ರಗಾರ ಅಲ್ಲಿ ನಿಶ್ಚಿಂತೆಯಿಂದ ಮಲಗಿದ್ದ. ಉರುಳಿದ ಕೆಂಪು ಬಣ್ಣದ ಡಬ್ಬ ಅವನ ಕಾಲ ಬಳಿಯಲ್ಲೇ ಬಿದ್ದಿತ್ತು. ನಿದ್ದೆಯಲ್ಲಿ ಒದ್ದಿರಬೇಕು.

ಅಕ್ಕ ಬಂದಳು. ನೋಡಿದಳು. ತಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವನ ಎದೆ ಏರಿಳಿಯುವುದನ್ನೇ ದಿಟ್ಟಿಸಿದಳು. ಆಮೇಲೆ ಫಟಾರನೆ ಕೆನ್ನೆಗೆ ಒಂದು ಬಿಟ್ಟಳು.

"ಅಯ್ಯೋ ಅಕ್ಕಾ," ಅಂತ ಎದ್ದವನು ಮೇಜಿನ ಹಲಗೆಗೆ ತಲೆ ಚಚ್ಚಿಸಿಕೊಂಡ.

"ಚಚ್ಕೋ. ಇನ್ನೊಂದು ಸಲ ಚಚ್ಕೋ. ಹೆಣ ಗುರುತಿಸೋಕೆ ಕರೀತಾರೆ ಅಂತ ಒಳ್ಳೇ ಸೀರೆ ಉಟ್ಕೊಂಡು ಕೂತಿದ್ದೀನಿ ಕಣೋ ನಾನು."

ಅಷ್ಟು ಹೇಳಿ ಅವನ ತಲೆಯನ್ನು ಎದೆಗೊತ್ತಿಕೊಂಡು ಗಳಗಳನೆ ಅತ್ತಳು. ಮೆಣಸು ಸಾಹೇಬ ಗೋಡೆ ಕಡೆ ತಿರುಗಿ, ಅಂಗೈಯ ಕೆಂಪನ್ನು ಪ್ಯಾಂಟಿಗೆ ಒರೆಸಿಕೊಂಡ. ಪೊಲೀಸ್ ಕೆಲಸದಲ್ಲಿದ್ದಷ್ಟು ಕಾಲ ಅವನು ಬಾಗಿಲು ಒಡೆದಾಗಲೆಲ್ಲ ಒಳಗೆ ಸಿಕ್ಕಿದ್ದು ಬೇರೆ. ನಿವೃತ್ತನಾಗಿ ಖಾಸಗಿ ಪತ್ತೇದಾರಿಕೆಗೆ ಇಳಿದ ಮೇಲೆ ಗೊರಕೆ ಹೊಡೆಯುವವನು ಸಿಕ್ಕಿದ್ದು ಇದೇ ಮೊದಲು. ಹೋದ ಜೀವ ಬಂದ ಹಾಗಾಯಿತು. ಅದರ ಬೆನ್ನಿಗೇ ಪಿತ್ತ ನೆತ್ತಿಗೇರಿತು. ಆ ಸಿಟ್ಟಿಗೇ ಜನ ಅವನನ್ನು ಮೆಣಸು ಅಂತ ಕರೆಯುತ್ತಿದ್ದದ್ದು.

"ಏನ್ರೀ," ಅಂದ. "ಊರಿನ ಬಾವಿ, ಕೆರೆ, ರೈಲು ಹಳಿ ಎಲ್ಲ ನೋಡಿ ಬಂದಿದ್ದೀನಿ ನಾನು. ಮಂಡಿ ಚಿಪ್ಪು ಕಳಚಿ ಕೈಗೆ ಬಂದಿದೆ. ನೀವಿಲ್ಲಿ ಬೋರ್ಡ್ ಬರೆಯೋನ ಗೋದಾಮಲ್ಲಿ ನಿದ್ದೆ ಹೊಡೀತಿದ್ದೀರಾ?"

"ನಿದ್ದೆ ಇಲ್ಲ ಸಾಹೇಬ್ರೇ. ಈಗಷ್ಟೇ ಜೋಂಪು ಹತ್ತಿತ್ತು."

"ಜೋಂಪಂತೆ. ಆ ಜೋಂಪಿಗೆ ಕೆಳಗಿನ ಅಂಗಡಿ ಗಡಿಯಾರ ನಿಂತುಹೋಗಿದೆ."

ಅಳುತ್ತಿದ್ದ ಅಕ್ಕನಿಗೆ ನಗು ಬಂದುಬಿಟ್ಟಿತು.

*

ಇಷ್ಟಕ್ಕೆಲ್ಲ ಕಾರಣ ಒಂದು ನಾಯಿ. ಅದೂ ಉಸಿರಾಡುವ ನಾಯಿಯಲ್ಲ, ಶಾಯಿಯ ನಾಯಿ.

'ಒಂಟಿಕಿವಿ' ಅನ್ನುವ ಕಾಮಿಕ್ಸ್ ವಾರವಾರ ಬರುತ್ತಿತ್ತು. ಚೂಟಿ ಅನ್ನುವ ಹುಡುಗಿ, ಅವಳ ಹಿಂದೆಯೇ ಸುತ್ತುವ ಒಂದೇ ಕಿವಿಯ ಬೀದಿನಾಯಿ. ತಮ್ಮ ಚಿತ್ರ ಬರೆಯುತ್ತಿದ್ದ, ಅಕ್ಕ ಮಾತು ಬರೆಯುತ್ತಿದ್ದಳು. ಹೋದ ವಾರದ ಕೊನೇ ಪುಟದಲ್ಲಿ ನಾಯಿ ಹೊಳೆಗೆ ಹಾರಿ ಚೂಟಿಯನ್ನು ದಡಕ್ಕೆಳೆದು ತಂದು, ಅವಳ ಮಡಿಲಲ್ಲಿ ತಲೆಯಿಟ್ಟು ಸತ್ತುಹೋಯಿತು.

ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ಕಿಟಕಿಗೆ ಮುಖ ಹಾಕಿ ಕೂತ. ಆಸ್ಪತ್ರೆಯ ನರ್ಸೊಬ್ಬಳು ರೋಗಿಯ ಹತ್ತಿರ ಸಮಾಧಾನ ಹೇಳಿಸಿಕೊಂಡಳಂತೆ. ಪತ್ರಿಕೆಯ ಕಚೇರಿಗೆ ಕಲ್ಲು ಬಿತ್ತು. ಚಿತ್ರಗಾರನ ಮನೆ ಗೇಟಿಗೆ ಯಾರೋ 'ಕಟುಕ' ಅಂತ ಬರೆದು ಹೋದರು. ಮಾರನೇ ದಿನ ಚಿತ್ರಗಾರ ಕಾಣೆ.

ಮೆಣಸು ಸಾಹೇಬನ ಹೆಂಡತಿಯೂ ಊಟದ ತಟ್ಟೆಯನ್ನು ಕುಕ್ಕಿ ಇಟ್ಟು ಮುಖ ತಿರುಗಿಸಿಕೊಂಡಿದ್ದಳು, ನಾಯಿಯನ್ನು ಇವನೇ ಕೊಂದವನ ಹಾಗೆ. "ಕಾಗದದ ನಾಯಿಗೆ ಇಷ್ಟೊಂದು ರಂಪವಾ" ಅಂತ ಅವಳನ್ನು ಗದರಿಸಿ, ಆ ಸಂಚಿಕೆಯನ್ನು ಬಚ್ಚಲುಮನೆಗೆ ಒಯ್ದು ಓದಿದವನು ನಲ್ಲಿ ಜೋರಾಗಿ ತಿರುಗಿಸಿಟ್ಟು ಅತ್ತಿದ್ದ. ಆ ವಿಷಯ ನಲ್ಲಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ಹೇಳಿ," ಅಂದ ಈಗ, ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು. "ಜನಕ್ಕೆ ಹೆದರಿ ಅಡಗಿಕೊಂಡ್ರಾ?"

ಚಿತ್ರಗಾರ ಅಕ್ಕನ ಕಡೆ ನೋಡಿದ. ತಲೆ ತಗ್ಗಿಸಿದ.

"ಜನಕ್ಕಲ್ಲ. ಅಕ್ಕನ ಮುಖ ನೋಡೋಕಾಗ್ಲಿಲ್ಲ."

"ನನ್ನ ಮುಖಕ್ಕೇನಾಗಿದೆಯೋ?"

"ಅವನನ್ನ ಯಾಕೆ ಸಾಯಿಸ್ದೆ ಅಕ್ಕಾ ನೀನು?"

ಅಕ್ಕ ತನ್ನ ಎದೆಗೇ ಬೆರಳು ತೋರಿಸಿಕೊಂಡಳು.

"ನಾನಾ? ಸಾಯಿಸಿದ್ದು ನೀನು."

"ನಾನ್ಯಾಕೆ ಸಾಯಿಸ್ಲಿ? ನಾನು ಬರೆದದ್ದು ಮಲಗಿರೋ ನಾಯಿ. ಮಾತು ಬರೆಯೋಳು ನೀನು. ಶಾಯಿ ಹಾಕೋವಾಗ ನಾನು ಗೆರೆ ನೋಡ್ತೀನಿ, ಮಾತು ಓದಲ್ಲ. ಅಚ್ಚಾಗಿ ಬಂದಾಗ ನೋಡ್ತೀನಿ, 'ಉಸಿರು ನಿಂತಿತು' ಅಂತ ಇದೆ. ನಿನ್ನದೇ ಅಕ್ಷರ. ಕೈ ನೋಯುತ್ತೆ, ಈ ನಾಯಿ ಸಹವಾಸ ಸಾಕಾಯ್ತು ಅಂತ ತಿಂಗಳಿಂದ ಅಂತಿದ್ದೆ. ನನಗೆ ಒಂದು ಮಾತು ಹೇಳದೆ ಮುಗಿಸಿಬಿಟ್ಟಳಲ್ಲ ಅಂತ..." ಹೊದ್ದಿದ್ದ ಬ್ಯಾನರ್ ಬಟ್ಟೆಯ ಅಂಚನ್ನು ಮಡಚತೊಡಗಿದ. "ಕೇಳಿದ್ರೆ ಜಗಳ ಆಗುತ್ತೆ. ನಿನ್ನ ಹತ್ರ ಜಗಳ ಮಾಡಿ ನನಗೆ ಅಭ್ಯಾಸ ಇಲ್ಲ."

"ನನಗೆ ಬಯ್ಯೋ ಬದಲು ಇಲ್ಲಿ ಬಂದು ಕೂತ್ಯಾ? ಪೆದ್ದೇ, ನಾನು ಆ ಮಾತು ಬರೆದೇ ಇಲ್ಲ. ಪುಟ ಕಚೇರಿಗೆ ತಗೊಂಡು ಹೋಗೋನು ನೀನು. ದಾರೀಲಿ ನೀನೇ ನನ್ನ ಅಕ್ಷರ ನೋಡ್ಕೊಂಡು ತಿದ್ದಿದ್ದೀಯ ಅಂದ್ಕೊಂಡೆ. ನಿನಗೂ ಬೇಜಾರು ಬಂದಿರಬೇಕು, ಹೋಗ್ಲಿ ಅಂತ ಬಾಯಿಗೆ ಬೀಗ ಹಾಕ್ಕೊಂಡು ಕೂತೆ."

ಮೆಣಸು ಸಾಹೇಬ ಡಬ್ಬದ ಮೇಲಿಂದ ಎದ್ದ. ಸತ್ತ ನಾಯಿ ಒಂದು, ಕೊಂದೆ ಅನ್ನುವವರು ಒಬ್ಬರೂ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ, ಒಬ್ಬ ಗೋದಾಮು ಸೇರಿದ್ದಾನೆ, ಇನ್ನೊಬ್ಬಳು ಒಳ್ಳೇ ಸೀರೆ ಉಟ್ಟಿದ್ದಾಳೆ.

"ನೀವು ಕೆಲಸ ಮಾಡೋ ರೀತಿ ನನಗೆ ಸರಿಯಾಗಿ ಬಿಡಿಸಿ ಹೇಳಿ," ಅಂದ. "ಯಾರು ಮೊದಲು, ಯಾರು ಆಮೇಲೆ?"

ಅಕ್ಕ ಹೇಳಿದಳು. ತಮ್ಮ ಮೊದಲು ಪೆನ್ಸಿಲಿನಲ್ಲಿ ತೆಳುವಾಗಿ ಚಿತ್ರ ಹಾಕಿಕೊಡುತ್ತಾನೆ. ಅದರ ಮೇಲೆ ಅವಳು ಮಾತಿನ ಗುಳ್ಳೆ ಎಳೆದು ಶಾಯಿಯಲ್ಲಿ ಅಕ್ಷರ ಬರೆಯುತ್ತಾಳೆ. ಅಕ್ಷರ ಒಣಗಿದ ಮೇಲೇ ತಮ್ಮ ಚಿತ್ರಕ್ಕೆ ಶಾಯಿ ಹಾಕುವುದು, ಗುಳ್ಳೆಯ ಗೆರೆ ಮುಟ್ಟದ ಹಾಗೆ, ಸುತ್ತ ಬಳಸಿಕೊಂಡು.

"ಅಕ್ಷರ ತಪ್ಪಿದ್ರೆ? ಮೇಲೆ ಚೀಟಿ ಅಂಟಿಸ್ತೀರಾ?"

"ಚೀಟಿ ಅಂಟಿಸೋದಾ? ಹಾಳೇನೇ ಹರಿದು ಬಿಸಾಕ್ತಾಳೆ," ಅಂದ ತಮ್ಮ. "ನಾನು ಒಂದು ವಾರ ಕೂತು ಬರೆದ ಚಿತ್ರ ಅಂತಲೂ ನೋಡಲ್ಲ. ನಮ್ಮ ಮನೇಲಿ ಗೋಂದಿನ ಬಾಟ್ಲೀನೇ ಇಲ್ಲ."

"ನಡೀರಿ," ಅಂದ ಮೆಣಸು ಸಾಹೇಬ. "ಮೂಲ ಪುಟ ನೋಡಬೇಕು ನಾನು."

*

ಪತ್ರಿಕೆಯ ಕಚೇರಿ ಎದುರು ಜನ ಸೇರಿದ್ದರು. ಕೂಗಾಟವಿರಲಿಲ್ಲ, ಸುಮ್ಮನೆ ನಿಂತಿದ್ದರು. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. ಗೇಟಿನ ತುಂಬ ಒಂಟಿಕಿವಿಯ ಚಿತ್ರಗಳು. ಮೆಣಸು ಸಾಹೇಬ ಅಕ್ಕ ತಮ್ಮನನ್ನು ಹಿಂಬಾಗಿಲಿನಿಂದ ಮಹಡಿ ಹತ್ತಿಸಿದ.

ಸಂಪಾದಕ ಗಾಜು ಒಡೆದ ಕಿಟಕಿಗೆ ರಟ್ಟು ಹೊಡೆಯುತ್ತಿದ್ದ. ಚಿತ್ರಗಾರನನ್ನು ಕಂಡು ಅವನ ಬಾಯಲ್ಲಿದ್ದ ಮೊಳೆ ಕೆಳಗೆ ಬಿತ್ತು.

"ಬದುಕಿದ್ದೀರಾ," ಅಂದ. ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ. "ಬದುಕಿದ್ದೀರಲ್ಲ ಮಾರಾಯ್ರೇ. ಮೂರು ಹೊತ್ತೂ ಗಂಟಲಲ್ಲಿ ಅನ್ನ ಇಳೀತಿರಲಿಲ್ಲ ನನಗೆ."

ಆ ಮಾತಿನಲ್ಲಿ ನಾಟಕವಿರಲಿಲ್ಲ. ಅವನ ಕಣ್ಣು ನಿಜವಾಗಿಯೂ ತುಂಬಿತ್ತು. ಮೆಣಸು ಸಾಹೇಬ ಅದನ್ನು ಗಮನಿಸಿದ. ಇಷ್ಟೊಂದು ಸಮಾಧಾನ ಪಡುವವನಿಗೆ ಮೊದಲು ಅಷ್ಟೇ ದೊಡ್ಡ ಸಂಕಟ ಇದ್ದಿರಬೇಕು.

"ಸ್ವಾಮೀ, ಕೊನೇ ಪುಟದ ಮೂಲ ಹಾಳೆ ಕೊಡಿ."

"ಅದು ಪ್ರೆಸ್ಸಲ್ಲಿದೆ."

"ಪ್ರೆಸ್ಸಿಗೆ ನಿನ್ನೆಯೇ ಹೋಗಿ ಬಂದಿದ್ದೀನಿ. ವಾಪಸ್ ಕಳಿಸಿದ್ದೀವಿ ಅಂದ್ರು."

"ಹಾಗಾದ್ರೆ ಇಲ್ಲೇ ಎಲ್ಲೋ ಸೇರಿಕೊಂಡಿರಬೇಕು. ಹುಡುಕ್ಬೇಕು."

"ಹುಡುಕಿ. ನಾನು ಕೂತಿರ್ತೀನಿ. ಹೆಂಡತಿ ಹೇಗೂ ಮನೇಲಿ ಮಾತಾಡಿಸ್ತಿಲ್ಲ."

ಸಂಪಾದಕ ಬೀರುವಿನ ಬಾಗಿಲನ್ನು ತೆರೆದ, ಮುಚ್ಚಿದ. ಕಡತ ಎತ್ತಿದ, ಇಳಿಸಿದ. ಹುಡುಕುವವನ ಕಣ್ಣು ಅಲ್ಲಿ ಇಲ್ಲಿ ಓಡಬೇಕು. ಇವನ ಕಣ್ಣು ಮಾತ್ರ ತನ್ನ ಮೇಜಿನ ಕೆಳಗಿನ ಖಾನೆಗೆ ಹೋಗಿ ಹೋಗಿ ಬರುತ್ತಿತ್ತು. ಮೆಣಸು ಸಾಹೇಬ ಎದ್ದು ಹೋಗಿ ಆ ಖಾನೆಯನ್ನು ಎಳೆದ. ದಪ್ಪ ಹಾಳೆಯೊಂದು ಬಟ್ಟೆಯಲ್ಲಿ ಸುತ್ತಿಟ್ಟಿತ್ತು.

ಹೊಳೆಯ ದಡ. ಚೂಟಿ. ಮಡಿಲಲ್ಲಿ ನಾಯಿಯ ತಲೆ. ಮೇಲೆ ಗುಳ್ಳೆಯಲ್ಲಿ, 'ಉಸಿರು ನಿಂತಿತು.'

ಮೆಣಸು ಸಾಹೇಬ ಹೆಬ್ಬೆರಳಿನಿಂದ ಗುಳ್ಳೆಯನ್ನು ಸವರಿದ. ಅಂಚು ಉಗುರಿಗೆ ಸಿಕ್ಕಿತು. ತೆಳು ಕಾಗದ, ಹಳದಿಗೆ ತಿರುಗಿದ್ದು, ವಾರಪತ್ರಿಕೆ ಅಚ್ಚಾಗುವ ಅಗ್ಗದ ಕಾಗದ. ಅದು ಗುಳ್ಳೆಯ ಗೆರೆ ದಾಟಿ, ತಮ್ಮ ಬಿಡಿಸಿದ ಮೋಡದ ಮೇಲೂ ಒಂದು ಚೂರು ಹತ್ತಿ ಕೂತಿತ್ತು.

"ಇದು ಕೈಯಲ್ಲಿ ಬರೆದ ಅಕ್ಷರ ಅಲ್ಲ. ಅಚ್ಚಾದ ಅಕ್ಷರ. ಹಳೇ ಸಂಚಿಕೆಯಿಂದ ಕತ್ತರಿಸಿ ಅಂಟಿಸಿದ್ದು."

"ಯಾರು ಬೇಕಾದ್ರೂ ಕತ್ತರಿಸಬಹುದು," ಅಂದ ಸಂಪಾದಕ. "ಹಳೇ ಸಂಚಿಕೆ ಮನೆಮನೇಲಿ ಇರುತ್ತೆ."

"ಇರುತ್ತೆ. ನಮ್ಮ ಮನೆ ಬಚ್ಚಲಲ್ಲೂ ಇದೆ. ಈ ಎರಡು ಪದ ನಾನು ಅಲ್ಲೇ ಓದಿದ್ದು. ಒಂಟಿಕಿವಿ ಕಥೇಲಿ ಬಾವಿಕಳ್ಳ ಅನ್ನೋನು ಸಾಯೋ ಹಳೇ ಸಂಚಿಕೆ. 'ನಿಂತಿತು' ಅನ್ನೋದರ ಕೆಳಗೆ ಹೀಗೇ ಒಂದು ಕೂದಲೆಳೆಯಷ್ಟು ಗೀರು. ನಿಮ್ಮ ಬೀರುವಿನಲ್ಲಿ ಎಲ್ಲಾ ಸಂಚಿಕೆ ಬೈಂಡ್ ಮಾಡಿ ಇಟ್ಟಿದ್ದೀರಲ್ಲ, ಅದರಲ್ಲಿ ಆ ಪುಟ ತೆಗೀರಿ."

ಸಂಪಾದಕ ಬೀರುವಿಗೆ ಬೆನ್ನು ಕೊಟ್ಟು ನಿಂತ.

"ನಾನೇ ತೆಗೀಲಾ?"

"ಬೇಡ," ಅಂದ. ಕುರ್ಚಿಯಲ್ಲಿ ಕುಸಿದು ಕೂತ. "ಅಲ್ಲಿ ತೂತಿದೆ."



"ಯಾಕ್ರೀ?" ಅಂದಳು ಅಕ್ಕ. ದನಿ ಏರಿರಲಿಲ್ಲ. "ನನ್ನ ಅಕ್ಷರವನ್ನೇ ಕತ್ತರಿಸಿ ನನ್ನ ನಾಯೀನ ಕೊಂದ್ರಲ್ಲ, ಯಾಕೆ?"

"ಯಾರೂ ಓದ್ತಿರಲಿಲ್ಲ ತಾಯಿ. ತಗೋತಿದ್ರು, ತಿರುವಿ ಹಾಕ್ತಿದ್ರು, ಬಸ್ಸಿನ ಸೀಟಲ್ಲಿ ಬಿಟ್ಟು ಹೋಗ್ತಿದ್ರು. ಮೊದಲೆಲ್ಲ ಎಷ್ಟು ಪತ್ರ ಬರ್ತಿತ್ತು. ಒಂಟಿಕಿವಿಗೆ ಜ್ವರ ಬಂದ್ರೆ ಔಷಧಿ ಕಳಿಸ್ತಿದ್ರು ಜನ. ಈಗ ಒಂದು ಸಾಲು ಬರೆಯೋರಿಲ್ಲ. ಒಂದು ವಾರ ಅಳ್ಲಿ ಅಂದ್ಕೊಂಡೆ. ಮುಂದಿನ ವಾರ ಎಲ್ಲಾ ಕನಸು ಅಂತ ಹಾಕಿ ಎಬ್ಬಿಸಿಬಿಡ್ತಿದ್ದೆ. ಇವರು ಮನೆ ಬಿಟ್ಟು ಹೋಗ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

"ನಾಯಿ ಸತ್ತಿದ್ದು ಕನಸು, ನನ್ನ ತಮ್ಮ ಸತ್ತಿದ್ರೆ?"

ಸಂಪಾದಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೆಣಸು ಸಾಹೇಬನ ಕೈ ಅವನ ಅಂಗಿಯ ಪಟ್ಟಿಗೆ ಹೋಗಿ, ಅರ್ಧದಲ್ಲೇ ನಿಂತಿತು. ಇಂಥವನಿಗೆ ಹೊಡೆಯಲು ಆಗುವುದಿಲ್ಲ, ಹೊಡೆಯದೆ ಇರಲೂ ಆಗುವುದಿಲ್ಲ. ಆ ಸಿಟ್ಟನ್ನು ಅವನು ಮೇಜಿನ ಮೇಲಿದ್ದ ಟೀ ಲೋಟದ ಕಡೆ ತಿರುಗಿಸಿದ. ಆಗಷ್ಟೇ ಬಂದ ಟೀ, ಹಬೆಯಾಡುತ್ತಿತ್ತು. ಹಾಳೆಯ ಅಂಟಿಸಿದ ಭಾಗವನ್ನು ಹಬೆಯ ಮೇಲೆ ಹಿಡಿದ.

"ಚಿತ್ರಕ್ಕೆ ನೀರಾಗುತ್ತೆ ಸಾಹೇಬ್ರೇ," ಅಂದ ಚಿತ್ರಗಾರ.

"ನನ್ನ ಹೆಂಡತಿ ಸ್ಟಾಂಪ್ ಬಿಡಿಸೋದು ಹೀಗೇನೇ. ಸುಮ್ನಿರಿ."

ಗೋಂದು ಸಡಿಲವಾಯಿತು. ಚೀಟಿಯ ಮೂಲೆ ಮೇಲೆದ್ದಿತು. ಮೆಣಸು ಸಾಹೇಬ ಅದನ್ನು ಉಸಿರು ಬಿಗಿಹಿಡಿದು ಮೆಲ್ಲಗೆ ಸುಲಿದ. ಅಡಿಯಲ್ಲಿ ಅಕ್ಕನ ಕೈಬರಹ, ಒಂದಿಷ್ಟೂ ಕದಡದೆ ಹಾಗೇ ಇತ್ತು.

'ಉಸಿರಾಡ್ತಿದ್ದಾನೆ. ಸದ್ದು ಮಾಡ್ಬೇಡಿ, ಮಲಗ್ಲಿ.'

ಯಾರೂ ಸದ್ದು ಮಾಡಲಿಲ್ಲ. ಚಿತ್ರ ಅದೇ, ಒಂದು ಗೆರೆ ಬದಲಾಗಿರಲಿಲ್ಲ. ಆದರೂ ಈಗ ನೋಡಿದರೆ ನಾಯಿಯ ಹೊಟ್ಟೆ ಏರಿ ಇಳಿಯುತ್ತಿತ್ತು.

"ಏಳ್ರೀ," ಅಂದ ಮೆಣಸು ಸಾಹೇಬ, ದನಿ ಸರಿಮಾಡಿಕೊಂಡು. "ಕೊಂದವರು ನೀವು, ಬದುಕಿಸೋರೂ ನೀವೇ. ಬಾಲ್ಕನಿಗೆ ನಡೀರಿ."

"ಕಲ್ಲು ಹೊಡೀತಾರೆ."

"ಹೊಡೀಲಿ. ಹಾಳೆಗೆ ಬೀಳದ ಹಾಗೆ ನೋಡ್ಕೊಳ್ಳಿ, ಅಷ್ಟೇ."

ಸಂಪಾದಕ ತಲೆ ಬಗ್ಗಿಸಿಕೊಂಡೇ ಹೋದ. ಹಾಳೆಯನ್ನು ಎತ್ತಿ ಹಿಡಿದ. ತಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದ. ಬೀದಿಯಲ್ಲಿ ಗುಜುಗುಜು ಎದ್ದಿತು. ಒಂದೆರಡು ಬೈಗುಳವೂ ಬಂದವು. ಆಮೇಲೆ ಅವನು ಅಕ್ಕನ ಮಾತು ಓದಿದ. ಓದುತ್ತ ಅವನ ದನಿಯೇ ಒಡೆಯಿತು.

ಮುಂದೆ ನಿಂತಿದ್ದ ಕಟ್ಟುಮಸ್ತಾದ ಮಾಂಸದಂಗಡಿಯವನು ಪಾದಚಾರಿ ಹಾದಿಯ ಅಂಚಿಗೆ ಕೂತು, ರಟ್ಟೆಯಿಂದ ಕಣ್ಣೊರೆಸಿಕೊಂಡ. ಪಕ್ಕದವಳು ಅವನ ಬೆನ್ನು ತಟ್ಟಿದಳು. ಅವನ ಗುರುತು ಅವಳಿಗೆ ಇದ್ದಂತಿರಲಿಲ್ಲ.

"ಇನ್ನೊಂದ್ಸಲ ಓದ್ರೀ," ಅಂತ ಹಿಂದಿನಿಂದ ಯಾರೋ ಕೂಗಿದರು. "ಹಿಂದುಗಡೆಯವರಿಗೆ ಕೇಳಿಸಿಲ್ಲ."

ಓದಿದ. ಈ ಸಲ ನಗು ಹಬ್ಬಿತು. ಅಳುವುದೂ ನಗುವುದೂ ಒಂದೇ ಆದ ಹಾಗೆ. ಚಿತ್ರಗಾರ ಬಾಲ್ಕನಿಗೆ ಬಂದಾಗ ಅವನನ್ನು ಕಟುಕ ಅಂದವರೇ ಚಪ್ಪಾಳೆ ಹೊಡೆದರು. ಅಕ್ಕ ಒಳಗೆ ನಿಂತು ನೋಡಿದಳು. ಅವಳ ಹೆಗಲು ಅಷ್ಟು ದಿನಗಳ ಮೇಲೆ ಈಗ ಇಳಿದಿತ್ತು.

"ಮನೆಗೆ ಹೋದ್ಮೇಲೆ ಒಂದು ಗೋಂದಿನ ಬಾಟ್ಲಿ ತರ್ತೀನಿ," ಅಂದಳು. "ಇವನ ಬಾಯಿಗಲ್ಲ, ಚಪ್ಪಲಿಗೆ. ಇನ್ನು ಎಲ್ಲೂ ಹೋಗಬಾರದು."

ಮೆಣಸು ಸಾಹೇಬ ನಕ್ಕ. ಹೆಂಡತಿಗೆ ಫೋನ್ ಮಾಡಿ ನಾಯಿ ಬದುಕಿದೆ ಅಂತ ಹೇಳಬೇಕು. ಇವತ್ತು ತಟ್ಟೆ ಮೆಲ್ಲಗೆ ಇಳಿಯುತ್ತದೆ.

ಕಚೇರಿಯ ಫೋನಿಗೆ ಕೈ ಚಾಚುವಷ್ಟರಲ್ಲಿ ಅದೇ ಹೊಡೆದುಕೊಂಡಿತು.

"ಕಚೇರೀನೇನಪ್ಪಾ?" ವಯಸ್ಸಾದ ಹೆಂಗಸಿನ ದನಿ. ಸಕ್ಕರೆಯಂತೆ ಮೆತ್ತಗೆ. "ಪಕ್ಕದ ಮನೆಯವಳು ಈಗ ಬಂದು ಹೇಳಿದ್ಲು. ಒಂಟಿಕಿವಿ ಬದುಕಿದ್ದಾನಂತೆ, ನಿಜವಾ?"

"ನಿಜ ಅಜ್ಜೀ. ನಾನೇ ಕಣ್ಣಾರೆ ನೋಡಿದೆ."

"ಅಯ್ಯೋ, ಹೊಟ್ಟೆ ತಣ್ಣಗಾಯ್ತು." ಆಚೆ ದೀರ್ಘವಾದ ಉಸಿರು. "ಹಾಗಾದ್ರೆ ಇವನನ್ನ ಬಿಟ್ಟುಬಿಡ್ಲಾ?"

"ಯಾರನ್ನ?"

"ಚಿತ್ರ ಬರೆಯೋನನ್ನ ಕಣಪ್ಪಾ. ಸಿಟ್ಟಲ್ಲಿ ಉಗ್ರಾಣದಲ್ಲಿ ಕೂಡಿಹಾಕಿದ್ದೀನಿ. ಊಟ ತಿಂಡಿಗೆ ಏನೂ ಕಮ್ಮಿ ಮಾಡಿಲ್ಲ, ಹೊದಿಯೋಕೆ ನನ್ನ ರಗ್ಗೇ ಕೊಟ್ಟಿದ್ದೀನಿ."

ಮೆಣಸು ಸಾಹೇಬ ತಿರುಗಿ ನೋಡಿದ. ಚಿತ್ರಗಾರ ಬಾಲ್ಕನಿಯಿಂದ ಒಳಬಂದು, ಹಬೆ ಆರಿದ ಅದೇ ಟೀಯನ್ನು ಹೀರುತ್ತ ನಿಂತಿದ್ದ.

"ಅಜ್ಜೀ, ನೀವು ಬೇರೆ ಯಾರನ್ನೋ ಹಿಡಿದಿದ್ದೀರಿ. ಚಿತ್ರಗಾರ ನನ್ನ ಮುಂದೇನೇ ಇದ್ದಾನೆ."

"ನನಗೇನು ಕಣ್ಣು ಕಾಣಲ್ವಾ? ನಾನೇ ಒಂಟಿಕಿವಿ ಬರೆಯೋನು ಅಂತ ಅವನೇ ಹೇಳ್ಕೊಂಡು ಮನೆ ಬಾಗಿಲಿಗೆ ಬಂದ. ನಂಬಲ್ಲ ಅಂದೆ. ಇದ್ದಿಲು ತಗೊಂಡು ಗೋಡೆ ಮೇಲೆ ಬರೆದು ತೋರಿಸ್ದ. ಅದೇ ಕಿವಿ, ಅದೇ ಕಣ್ಣು. ಗೋಡೆಯಿಂದ ಎದ್ದು ಬಂದು ಕೈ ನೆಕ್ಕೋ ಹಾಗಿದ್ದಾನೆ ಒಂಟಿಕಿವಿ. ಪಾಪ, ಬಿಟ್ಟುಬಿಡ್ತೀನಿ. ಬೀಗದ ಕೈ ಕೈಲೇ ಇದೆ."

ಮೆಣಸು ಸಾಹೇಬ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ಕೇಳಿದ್ದನ್ನು ಹಾಗೇ ಹೇಳಿದ.

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಅಕ್ಕನ ಮುಖ ನೋಡಲಿಲ್ಲ. ಗೋಡೆಯಷ್ಟು ಬಿಳುಚಿಕೊಂಡಿದ್ದ. ಲೋಟವನ್ನು ಮೇಜಿನ ಮೇಲಿಡಲು ಹೋಗಿ ಎರಡು ಸಲ ಅಂಚು ತಪ್ಪಿಸಿದ.

"ಸಾಹೇಬ್ರೇ," ಅಂದ. "ಬಾಗಿಲು ತೆಗೀಬೇಡಿ ಅನ್ನಿ. ಏನೇ ಆಗ್ಲಿ, ಅವನನ್ನ ಹೊರಗೆ ಬಿಡಬೇಡಿ ಅನ್ನಿ. ಒಂಟಿಕಿವೀನ ಮೊದಲು ಬರೆದೋನು ಅವನೇ, ನಾನಲ್ಲ."

ಫೋನಿನ ಆಚೆ, ಬೀಗದಲ್ಲಿ ಕೀಲಿ ತಿರುಗಿದ ಸದ್ದು ಕೇಳಿಸಿತು.